ಬಾಲನ್ಯಾಯದ ಕಡತವೂ ವೈದ್ಯನ ಕರ್ತವ್ಯವೂ

ಮನುಷ್ಯನು ಎಳೆಯ ವಯಸ್ಸಿನಲ್ಲಿ ಮಾಡಿದ ತಪ್ಪು ಎರಡು ಕಡೆ ಉಳಿಯುತ್ತದೆ. ಒಂದು ಜನರ ನೆನಪಿನಲ್ಲಿ, ಮತ್ತೊಂದು ಸರಕಾರದ ಕಾಗದದಲ್ಲಿ. ಜನರ ನೆನಪು ಕಾಲಕ್ರಮದಲ್ಲಿ ಮಸುಕಾಗುವುದು. ಹುಡುಗನಾಗಿದ್ದಾಗ ತೋಟಕ್ಕೆ ನುಗ್ಗಿ ತೆಂಗಿನಕಾಯಿ ಕದ್ದವನು ಮುಂದೆ ಊರಿನ ಹಿರಿಯರ ಸಾಲಿನಲ್ಲಿ ಕುಳಿತರೂ ಊರು ನಕ್ಕು ಸುಮ್ಮನಾಗುತ್ತದೆ. ಕಾಗದಕ್ಕೆ ಈ ಔದಾರ್ಯವಿಲ್ಲ. ಅದು ಬರೆದವನು ವರ್ಗವಾಗಿ ಹೋದ ಮೇಲೂ, ಬರೆಯಿಸಿಕೊಂಡವನು ಪೂರ್ಣವಾಗಿ ಬದಲಾದ ಮೇಲೂ ಬರೆದ ದಿನ ಹೇಳಿದ್ದನ್ನೇ ಹೇಳುತ್ತಿರುತ್ತದೆ. ಆದಕಾರಣ ಮಗುವಿನ ತಪ್ಪನ್ನು ಕಾಗದದ ಮೇಲಿಡುವ ಸಮಾಜವು, ಆ ಕಾಗದವನ್ನು ಯಾರು ಓದಬೇಕು, ಎಷ್ಟು ಕಾಲ ಓದಬೇಕು ಎಂಬುದನ್ನೂ ನಿರ್ಣಯಿಸಬೇಕಾಗುತ್ತದೆ.

ಪ್ರಕೃತ ಲೇಖನದ ವಿಷಯ ಈ ದೊಡ್ಡ ಪ್ರಶ್ನೆಯ ಒಂದು ಭಾಗವಷ್ಟೆ. ಬಾಲನ್ಯಾಯ ಮಂಡಳಿಯ ಮುಂದೆ ಬಂದ ಮಗುವಿನ ಕಡತವನ್ನು ಆ ಮಗುವಿಗೆ ಚಿಕಿತ್ಸೆ ನೀಡುವ ಮನೋವೈದ್ಯರಿಗೂ ವ್ಯಸನಮುಕ್ತಿ ಕೇಂದ್ರದವರಿಗೂ ಕೊಡಬಹುದೇ? ಕೊಡುವುದಾದರೆ ಎಷ್ಟನ್ನು ಕೊಡಬೇಕು? ಚಿಕಿತ್ಸೆಯ ವೇಳೆ ಮಗು ಬಾಯಿಬಿಟ್ಟು ಹೇಳಿದ ಮಾತು ತಿರುಗಿ ಮಂಡಳಿಯ ಮೇಜಿಗೆ ಬರಬಹುದೇ? ಇದು ವಕೀಲರ ಮತ್ತು ವೈದ್ಯರ ನಡುವಣ ಚರ್ಚೆ, ಶಾಲೆಯ ಸಂಚಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಕಾನೂನು ಮಗುವೆಂದು ಕರೆಯುವುದು 18 ವರ್ಷ ತುಂಬದವರನ್ನು. ಅವರು ನಮ್ಮ ತರಗತಿಗಳಲ್ಲಿ ಇರುವವರು, ಅಥವಾ ಇರಬೇಕಾಗಿದ್ದು ಹೊರಗುಳಿದವರು. ಮಂಡಳಿಯಿಂದಲೂ ಆಸ್ಪತ್ರೆಯಿಂದಲೂ ಬಿಡುಗಡೆ ಹೊಂದಿದ ಹುಡುಗ ಕಡೆಗೆ ಬಂದು ನಿಲ್ಲಬೇಕಾದದ್ದು ಯಾವುದಾದರೊಂದು ಶಾಲೆಯ ಬಾಗಿಲಿನಲ್ಲಿಯೇ.

ಮಗುವಿನ ಅಪರಾಧವನ್ನೂ ಅದರ ಮನಸ್ಸನ್ನೂ ಒಟ್ಟಾಗಿ ಪರಿಶೀಲಿಸಬೇಕೆಂಬ ವಿಚಾರ ಹೊಸದಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿ 1899ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯ ಸ್ಥಾಪಿತವಾಯಿತು. ಹತ್ತು ವರ್ಷಗಳ ತರುವಾಯ, 1909ರಲ್ಲಿ, ಅದೇ ನ್ಯಾಯಾಲಯದ ನೆರವಿಗೆಂದು ವಿಲಿಯಂ ಹೀಲಿ ಎಂಬ ವೈದ್ಯರು ಮಕ್ಕಳ ಮನಸ್ಸನ್ನು ಅಭ್ಯಸಿಸುವ ಸಂಸ್ಥೆಯೊಂದನ್ನು ನಡೆಸತೊಡಗಿದರು. ನಮ್ಮ ದೇಶದಲ್ಲಿ ಮದರಾಸು ಪ್ರಾಂತ 1920ರಲ್ಲಿಯೂ ಮುಂಬಯಿ ಪ್ರಾಂತ 1924ರಲ್ಲಿಯೂ ಮಕ್ಕಳ ಕಾಯ್ದೆಗಳನ್ನು ಮಾಡಿದವು. ಸ್ವಾತಂತ್ರ್ಯಾನಂತರ 1986ರಲ್ಲಿ ದೇಶಕ್ಕೆಲ್ಲ ಒಂದೇ ಆದ ಬಾಲನ್ಯಾಯ ಕಾಯ್ದೆ ಬಂದಿತು. 2000ದಲ್ಲಿ ಅದು ಹೊಸ ರೂಪ ತಳೆಯಿತು. ಈಗ ಜಾರಿಯಲ್ಲಿರುವುದು 2016ರ ಜನವರಿ 15ರಿಂದ ಆಚರಣೆಗೆ ಬಂದ 2015ರ ಕಾಯ್ದೆ. ಇವೆಲ್ಲದರ ಮೂಲಭಾವನೆ ಒಂದೇ: ಮಗುವಿಗೆ ಬೇಕಾದದ್ದು ಶಿಕ್ಷೆಗಿಂತ ಹೆಚ್ಚಾಗಿ ಸುಧಾರಣೆ, ಮತ್ತು ಸುಧಾರಣೆಗೆ ಆ ಮಗುವಿನ ಹಿನ್ನೆಲೆಯ ಪರಿಚಯ ಅವಶ್ಯ.

ಹಿನ್ನೆಲೆಯನ್ನು ಅರಿಯಬೇಕೆಂಬ ಈ ಸದುದ್ದೇಶದಿಂದಲೇ ಕಡತ ದಪ್ಪವಾಗುತ್ತದೆ. ಒಬ್ಬ ನ್ಯಾಯಾಧೀಶರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಮಂಡಳಿಯ ಮುಂದೆ ಮಗು ಬಂದೊಡನೆ ಪರಿವೀಕ್ಷಣಾಧಿಕಾರಿಯು 15 ದಿನಗಳೊಳಗಾಗಿ ಸಾಮಾಜಿಕ ತನಿಖಾ ವರದಿಯನ್ನು ಸಲ್ಲಿಸಬೇಕು. ಅದರಲ್ಲಿ ತಂದೆತಾಯಿಗಳ ಉದ್ಯೋಗ, ಮನೆಯ ಜಗಳ, ಮನೆಯವರಲ್ಲಿ ಯಾರಿಗೆ ಯಾವ ಕಾಯಿಲೆ, ಮಗು ಶಾಲೆ ಬಿಟ್ಟ ಕಾರಣ, ಅದರ ಸ್ನೇಹಿತರು, ಬೀಡಿ, ಮದ್ಯ, ಮಾದಕ ವಸ್ತುಗಳ ಅಭ್ಯಾಸ ಎಲ್ಲವೂ ಬರುತ್ತವೆ. ಪೊಲೀಸರ ಟಿಪ್ಪಣಿ, ವೈದ್ಯಕೀಯ ತಪಾಸಣೆಯ ಕಾಗದ, ಆಪ್ತಸಮಾಲೋಚಕರ ಅಭಿಪ್ರಾಯ, ವೈಯಕ್ತಿಕ ಪಾಲನಾ ಯೋಜನೆ ಇವು ಅದಕ್ಕೆ ಸೇರಿಕೊಳ್ಳುತ್ತವೆ. ಹೀಗೆ ಒಂದು ಮೊಬೈಲಿನ ಕಳ್ಳತನಕ್ಕಾಗಿ ತೆರೆದ ಕಡತದಲ್ಲಿ ಒಂದು ಕುಟುಂಬದ ಒಳಗುಟ್ಟೆಲ್ಲ ಬಂದು ಕೂರುತ್ತದೆ. ದೊಡ್ಡವರ ಕ್ರಿಮಿನಲ್ ಖಟ್ಲೆಯಲ್ಲಿ ಸಾಮಾನ್ಯವಾಗಿ ಇಷ್ಟು ವಿವರ ಇರುವುದಿಲ್ಲ. ಅಲ್ಲಿ ಕೃತ್ಯವನ್ನು ವಿಚಾರಿಸುತ್ತಾರೆ, ಇಲ್ಲಿ ಬಾಳನ್ನೇ ವಿಚಾರಿಸುತ್ತಾರೆ.

ವಿಷಯ ಸ್ಪಷ್ಟವಾಗಲೆಂದು ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಜಿಲ್ಲಾ ಕೇಂದ್ರವೊಂದರ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೆಳೆದ ಹದಿನಾರರ ಹುಡುಗ. ಸೈಕಲ್ ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ನನ್ನು ಬಟ್ಟೆಗೆ ಹಾಕಿ ಮೂಸುವ ಚಟ ಎರಡು ವರ್ಷಗಳಿಂದ ಅಂಟಿದೆ. ಈಚೆಗೆ ನಿದ್ರೆಯ ಮಾತ್ರೆಗಳೂ ಸೇರಿವೆ. ಕಳ್ಳತನದಲ್ಲಿ ಸಿಕ್ಕಿ ವೀಕ್ಷಣಾಲಯಕ್ಕೆ ಬಂದಿದ್ದಾನೆ. ಮೂರನೆಯ ದಿನ ಕೈ ನಡುಗುತ್ತದೆ, ಬೆವರುತ್ತಾನೆ, ರಾತ್ರಿಯೆಲ್ಲ ಕೂಗಾಡುತ್ತಾನೆ. ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಜತೆಗೆ ಬಂದ ಸಿಬ್ಬಂದಿಗೆ ಅವನ ಹೆಸರು, ವಯಸ್ಸಿನ ಹೊರತು ಬೇರೇನೂ ತಿಳಿಯದು. ಇನ್ನೊಂದು ಊರಿನಲ್ಲಾದರೆ ಇಡೀ ಕಡತವನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದು ಹೊರರೋಗಿಗಳ ಕೌಂಟರಿನ ಮೇಲೆ ಎಲ್ಲರೂ ನೋಡುವಂತೆ ಇಡುತ್ತಾರೆ. ಈ ಎರಡೂ ರೀತಿಗಳಿಂದ ಮಗುವಿಗೆ ಹಾನಿಯೇ.

ಏನೂ ತಿಳಿಸದಿದ್ದರೆ ಆಗುವ ಹಾನಿ ದೇಹಕ್ಕೆ ಸಂಬಂಧಿಸಿದ್ದು. ನಿದ್ರೆಯ ಮಾತ್ರೆಗಳನ್ನಾಗಲಿ ಮದ್ಯವನ್ನಾಗಲಿ ಬಹುಕಾಲ ಸೇವಿಸಿದವನು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದಂತಹ ಸೆಳವು ಬರಬಹುದು. ಅದು ಪ್ರಾಣಕ್ಕೂ ಎರವಾಗಬಹುದು. ಸೊಲ್ಯೂಷನ್ನು, ವೈಟ್ನರು ಮೊದಲಾದವುಗಳ ಆವಿಯು ಹೃದಯದ ಬಡಿತವನ್ನು ಕೆಡಿಸಿ ಹಠಾತ್ ಮರಣವನ್ನು ತರಬಲ್ಲದು. ನರಮಂಡಲವನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ಅಫೀಮಿನ ವರ್ಗದ ಮಾದಕಗಳ ವಿಷಯದಲ್ಲಂತೂ ಬಿಡುಗಡೆಯ ದಿನಗಳೇ ಅತ್ಯಂತ ಅಪಾಯಕಾರಿ: ಬಂಧನದಲ್ಲಿದ್ದಾಗ ದೇಹದ ತಾಳಿಕೆ ಕುಗ್ಗಿರುತ್ತದೆ, ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಹಿಂದೆ ಯಾವ ಔಷಧ ಕೊಟ್ಟಿದ್ದರು, ಆತ್ಮಹತ್ಯೆಗೆ ಯತ್ನಿಸಿದ್ದನೇ, ತಲೆಗೆ ಪೆಟ್ಟು ಬಿದ್ದಿತ್ತೇ ಎಂಬುದು ವೈದ್ಯರಿಗೆ ತಿಳಿಯದಿದ್ದರೆ ಅವರು ಕತ್ತಲಲ್ಲಿ ಕೈಯಾಡಿಸಿದಂತೆ ಚಿಕಿತ್ಸೆ ಮಾಡಬೇಕಾಗುತ್ತದೆ.

ಇಂತಹ ಮಕ್ಕಳು ಎಲ್ಲೋ ಒಬ್ಬಿಬ್ಬರು ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಮಕ್ಕಳಲ್ಲಿ ಮಾದಕ ವ್ಯಸನ ಹರಡುತ್ತಿರುವುದನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಬೇಕೆಂದು ಕೇಂದ್ರ ಸರಕಾರಕ್ಕೆ ನಿರ್ದೇಶನ ನೀಡಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮೂಸುವ ಮಾದಕಗಳ ಬಳಕೆ ವಯಸ್ಕರಲ್ಲಿ ಶೇಕಡ 0.58 ಆದರೆ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಶೇಕಡ 1.17. ದೊಡ್ಡವರಿಗಿಂತ ಮಕ್ಕಳೇ ಹೆಚ್ಚಾಗಿ ಬಳಸುವ ಮಾದಕ ಇದೊಂದೇ. ಇದರ ದೆಸೆಯಿಂದ ನೆರವು ಅಗತ್ಯವಾಗಿರುವ ಮಕ್ಕಳ ಸಂಖ್ಯೆ ದೇಶದಲ್ಲಿ ಸುಮಾರು 4.6 ಲಕ್ಷವೆಂದು ಆ ಸಮೀಕ್ಷೆ ಅಂದಾಜು ಮಾಡಿತು.

ಇನ್ನು ಎಲ್ಲವನ್ನೂ ಕೊಟ್ಟರೆ ಆಗುವ ಹಾನಿಯನ್ನು ನೋಡೋಣ. ಚಿಕಿತ್ಸೆಗೆ ಬೇಕಾಗದ ಎಷ್ಟೋ ಸಂಗತಿಗಳು ಕಡತದಲ್ಲಿರುತ್ತವೆ. ದೂರುದಾರರ ಹೇಳಿಕೆ, ಸಹಚರರ ಹೆಸರು, ತಾಯಿಯ ಮೇಲಿನ ಅಪವಾದ ಇವುಗಳನ್ನು ಓದಿ ವೈದ್ಯರು ಬರೆಯುವ ಔಷಧ ಬದಲಾಗುವುದಿಲ್ಲ. ಆದರೆ ವಾರ್ಡಿನಲ್ಲಿ ಹುಡುಗನನ್ನು ನೋಡುವ ಕಣ್ಣು ಬದಲಾಗುತ್ತದೆ. "ಕೇಸಿನ ಹುಡುಗ" ಎಂಬ ಹೆಸರು ಅಂಟಿಕೊಂಡ ಮೇಲೆ ಅವನ ನೋವು ನಟನೆಯಾಗಿ ಕಾಣುತ್ತದೆ, ಅವನ ಮೌನ ಕಳ್ಳತನವಾಗಿ ಕಾಣುತ್ತದೆ. ಪಕ್ಕದ ಹಾಸಿಗೆಯ ರೋಗಿಯ ವಸ್ತು ಕಾಣದಾದರೆ ಮೊದಲು ಜಾಲಾಡುವುದು ಇವನ ಚೀಲವನ್ನೇ. ಊರಿನವರೊಬ್ಬರು ಆಸ್ಪತ್ರೆಯಲ್ಲಿ ನೌಕರರಾಗಿದ್ದರಂತೂ ಸುದ್ದಿ ಅವನಿಗಿಂತ ಮೊದಲೇ ಊರು ಸೇರುವುದು.

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಅಪಾಯವಿದೆ. ಮಾಹಿತಿ ಹೋಗುವ ದಾರಿಯಲ್ಲಿಯೇ ಮಾಹಿತಿ ಬರುವುದೂ ಸಾಧ್ಯ. ಮನೋವೈದ್ಯರ ಮುಂದೆ ಮಗು ಮಾತನಾಡುವುದು ವಿಶ್ವಾಸದಿಂದ. ಎಲ್ಲಿಂದ ಕೊಂಡೆ, ಯಾರಿಗೆ ಕೊಟ್ಟೆ, ಅಂದು ರಾತ್ರಿ ಏನಾಯಿತು ಎಂಬುದನ್ನು ಅದು ಅಲ್ಲಿ ಹೇಳೀತು. ಆ ಮಾತುಗಳು ಮಂಡಳಿಗೋ ಪೊಲೀಸರಿಗೋ ತಲುಪುವುದಾದರೆ ಚಿಕಿತ್ಸೆಯ ಕೋಣೆ ವಿಚಾರಣೆಯ ಕೋಣೆಯಾಗಿ ಮಾರ್ಪಡುತ್ತದೆ. 2015ರ ಕಾಯ್ದೆಯ 15ನೆಯ ಕಲಮಿನ ಮೇರೆಗೆ, ಘೋರ ಅಪರಾಧದ ಆಪಾದನೆಗೊಳಗಾದ 16ರಿಂದ 18 ವರ್ಷದೊಳಗಿನ ಮಗುವನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬುದನ್ನು ನಿರ್ಧರಿಸಲು ಪ್ರಾಥಮಿಕ ನಿರ್ಧಾರಣೆ ನಡೆಯುತ್ತದೆ. ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರದ ಪದವಿ ಪಡೆದವರು ಇಲ್ಲದಿದ್ದಲ್ಲಿ ತಜ್ಞರ ನೆರವನ್ನು ಪಡೆಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಜುಲೈಯಲ್ಲಿ ತೀರ್ಪಿತ್ತಿತು. ಇದು ಸ್ವಾಗತಾರ್ಹವೇ ಸರಿ. ಆದರೆ ನಿರ್ಧಾರಣೆ ಮಾಡುವ ತಜ್ಞರೂ ಚಿಕಿತ್ಸೆ ಮಾಡುವ ವೈದ್ಯರೂ ಒಬ್ಬರೇ ಆದರೆ, ತನ್ನನ್ನು ಗುಣಪಡಿಸಲು ಕೇಳುತ್ತಿದ್ದಾರೋ ದೊಡ್ಡವರ ನ್ಯಾಯಾಲಯಕ್ಕೆ ಕಳುಹಿಸಲು ಕೇಳುತ್ತಿದ್ದಾರೋ ಎಂಬುದು ಆ ಹುಡುಗನಿಗೆ ತಿಳಿಯುವ ಬಗೆ ಹೇಗೆ?

ಈ ಎರಡು ಹಾನಿಗಳ ನಡುವೆ ನಮ್ಮ ಕಾನೂನು ಎಲ್ಲಿ ನಿಂತಿದೆ? ಗೌಪ್ಯದ ಪಕ್ಷದಲ್ಲಿ ಅದು ಗಟ್ಟಿಯಾಗಿಯೇ ನಿಂತಿದೆ. ಕಾಯ್ದೆಯ 3ನೆಯ ಕಲಮು ಮಗುವಿನ ಖಾಸಗಿತನವನ್ನೂ ಹೊಸ ಬಾಳಿನ ಆರಂಭವನ್ನೂ ಮೂಲ ತತ್ವಗಳಲ್ಲಿ ಎಣಿಸಿದೆ. 74ನೆಯ ಕಲಮಿನಂತೆ ಮಗುವಿನ ಹೆಸರು, ವಿಳಾಸ, ಶಾಲೆ ಇವನ್ನು ಪತ್ರಿಕೆಗಳಲ್ಲಿ ಪ್ರಕಟಿಸಕೂಡದು. ಮೀರಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ನಡತೆಯ ಪ್ರಮಾಣಪತ್ರಕ್ಕೆಂದು ಪೊಲೀಸರು ಮಗುವಿನ ದಾಖಲೆಯನ್ನು ಹೊರಗೆಡಹುವಂತೆಯೂ ಇಲ್ಲ. 24ನೆಯ ಕಲಮು, ಅಪರಾಧ ಸಾಬೀತಾದ ದಾಖಲೆಯನ್ನು ಕಾಲಮಿತಿಯ ನಂತರ ನಾಶಪಡಿಸಬೇಕೆಂದು ಹೇಳುತ್ತದೆ; 2016ರ ಕೇಂದ್ರ ಮಾದರಿ ನಿಯಮಗಳು ಆ ಮಿತಿಯನ್ನು ಏಳು ವರ್ಷಗಳಿಗೆ ಗೊತ್ತುಪಡಿಸಿವೆ. ವಯಸ್ಕನಂತೆ ವಿಚಾರಿಸಲ್ಪಟ್ಟ ಘೋರ ಅಪರಾಧಗಳಿಗೆ ಮಾತ್ರ ಇದರಿಂದ ವಿನಾಯಿತಿ. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದೂ ಇಲ್ಲಿ ಸ್ಮರಣೀಯ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಚಿಕಿತ್ಸೆಯ ಪಕ್ಷದಲ್ಲಿಯೂ ಕಾನೂನು ಮೌನವಾಗಿಲ್ಲ. ಸಂಸ್ಥೆಯಲ್ಲಿರುವ ಮಗು ಮಾನಸಿಕ ಅಸ್ವಸ್ಥತೆಗೋ ಮಾದಕ ವ್ಯಸನಕ್ಕೋ ಒಳಗಾಗಿದೆಯೆಂದು ಕಂಡುಬಂದರೆ ಅದನ್ನು ಮನೋವೈದ್ಯಕೀಯ ಆಸ್ಪತ್ರೆಗೆ ಕಳುಹಿಸಲು 93ನೆಯ ಕಲಮು ಅಧಿಕಾರ ಕೊಟ್ಟಿದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಸಲಹೆಯ ಮೇರೆಗೆ ವ್ಯಸನಿಗಳ ಪುನರ್ವಸತಿ ಕೇಂದ್ರಕ್ಕೂ ಕಳುಹಿಸಬಹುದು, ಅದೂ ಒಳರೋಗಿಯಾಗಿ ಚಿಕಿತ್ಸೆಗೆ ಬೇಕಾದಷ್ಟು ಅವಧಿಗೆ ಮಾತ್ರ. ಇತ್ತ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೆಯ ಕಲಮು ರೋಗಿಯ ಗುಟ್ಟನ್ನು ಕಾಪಾಡುವುದನ್ನು ಹಕ್ಕೆಂದು ಘೋಷಿಸಿ, ಚಿಕಿತ್ಸೆ ನೀಡುವ ಇತರ ವೈದ್ಯರಿಗೆ ಬೇಕಾದ ಮಾಹಿತಿಯನ್ನು ಒದಗಿಸಲು ಅವಕಾಶ ಮಾಡಿದೆ. ಅಂದರೆ ವೈದ್ಯರಿಂದ ವೈದ್ಯರಿಗೆ ದಾರಿಯಿದೆ.

ಕೊರತೆ ಇರುವುದು ಮಂಡಳಿಯಿಂದ ವೈದ್ಯರಿಗೆ ಇರಬೇಕಾದ ದಾರಿಯಲ್ಲಿ. ಬಾಲನ್ಯಾಯ ಕಾಯ್ದೆಯ 99ನೆಯ ಕಲಮು, ಮಗುವಿಗೆ ಸಂಬಂಧಿಸಿದ ಎಲ್ಲ ವರದಿಗಳೂ ಗೌಪ್ಯವೆಂದು ಹೇಳಿ, ಅವುಗಳ ಸಾರವನ್ನು ಇನ್ನೊಂದು ಮಂಡಳಿಗೋ ಸಮಿತಿಗೋ, ಮಗುವಿಗೋ, ತಂದೆತಾಯಿಗಳಿಗೋ ಪಾಲಕರಿಗೋ ತಿಳಿಸಬಹುದೆಂದು ವಿಧಿಸುತ್ತದೆ. ಬಾಧಿತರಿಗೆ ತಮ್ಮ ಪ್ರಕರಣದ ಕಾಗದಪತ್ರಗಳನ್ನು ನಿರಾಕರಿಸಬಾರದೆಂದೂ ಹೇಳುತ್ತದೆ. ಈ ಪಟ್ಟಿಯಲ್ಲಿ ಚಿಕಿತ್ಸೆ ನೀಡುವ ವೈದ್ಯರ ಹೆಸರಿಲ್ಲ. ಮಗುವನ್ನು ಆಸ್ಪತ್ರೆಗೆ ಕಳುಹಿಸು ಎಂದು ಒಂದು ಕಲಮು ಹೇಳುತ್ತದೆ, ಮಗುವಿನೊಂದಿಗೆ ಏನನ್ನು ಕಳುಹಿಸಬೇಕೆಂದು ಮತ್ತೊಂದು ಕಲಮು ಹೇಳುವುದಿಲ್ಲ. ಕಾನೂನು ಬಿಟ್ಟ ಈ ತೆರಪನ್ನು ಅಧಿಕಾರಿಗಳ ಸ್ವಭಾವವೇ ತುಂಬುತ್ತದೆ. ಅಂಜುಬುರುಕರು ಏನನ್ನೂ ಕೊಡುವುದಿಲ್ಲ, ಅಜಾಗರೂಕರು ಎಲ್ಲವನ್ನೂ ಕೊಡುತ್ತಾರೆ.

ಮತ್ತೊಂದು ಸೂಕ್ಷ್ಮವಿದೆ. ಮಂಡಳಿಯ ದಾಖಲೆ ಏಳು ವರ್ಷಗಳ ಬಳಿಕ ನಾಶವಾಗಬೇಕು. ಅದರ ಪ್ರತಿಯೊಂದು ಆಸ್ಪತ್ರೆಯ ಕಡತದಲ್ಲಿ ಸೇರಿಕೊಂಡಿದ್ದರೆ ಅದನ್ನು ನಾಶಮಾಡುವವರು ಯಾರು? ಒಳರೋಗಿಗಳ ದಾಖಲೆಗಳನ್ನು ಕನಿಷ್ಠ ಮೂರು ವರ್ಷ ಇಟ್ಟಿರಬೇಕೆಂದು 2002ರ ವೈದ್ಯಕೀಯ ವೃತ್ತಿನಿಯಮಗಳು ಹೇಳುತ್ತವೆ. ಅದು ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ. ಆರೋಗ್ಯ ದಾಖಲೆಗಳನ್ನು ಗಣಕೀಕರಿಸಿ ಒಂದೇ ಸಂಖ್ಯೆಗೆ ಜೋಡಿಸುವ ಕಾರ್ಯ 2021ರಿಂದ ದೇಶದಾದ್ಯಂತ ನಡೆದಿದೆ. ಆ ಸಂಖ್ಯೆಯ ಬೆನ್ನಿಗೆ "ವೀಕ್ಷಣಾಲಯದಿಂದ ಕರೆತರಲಾಯಿತು" ಎಂಬ ಒಂದೇ ಸಾಲು ಸೇರಿದರೂ ಸಾಕು, ಮಂಡಳಿಯು ಅಳಿಸಿದ್ದನ್ನು ಆಸ್ಪತ್ರೆ ಉಳಿಸಿಕೊಂಡಂತಾಗುತ್ತದೆ.

ಹೊರದೇಶದವರ ಅನುಭವವೂ ವಿಚಾರಯೋಗ್ಯವಾಗಿದೆ. ಅಮೆರಿಕದ ಶಾಸನಸಭೆಯು 1970 ಮತ್ತು 1972ರ ಕಾಯ್ದೆಗಳ ಮೂಲಕ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಯ ದಾಖಲೆಗಳಿಗೆ ಇತರ ವೈದ್ಯಕೀಯ ದಾಖಲೆಗಳಿಗಿಂತ ಬಿಗಿಯಾದ ರಕ್ಷಣೆಯನ್ನು ಒದಗಿಸಿತು. ಕಾರಣ ಸರಳವಾದದ್ದು: ಚಿಕಿತ್ಸೆಗೆ ಹೋದರೆ ಸೆರೆಮನೆಗೆ ದಾರಿಯಾದೀತೆಂಬ ಭಯವಿದ್ದಲ್ಲಿ ಯಾರೂ ಚಿಕಿತ್ಸೆಗೆ ಬರುವುದಿಲ್ಲ. ಕಾಲಾನಂತರದಲ್ಲಿ ಆ ಬಿಗಿಯೇ ವೈದ್ಯರಿಗೆ ತೊಡಕಾಯಿತೆಂಬ ದೂರು ಬಂದು, 2020ರಲ್ಲಿ ಕಾಯ್ದೆಯನ್ನೂ 2024ರಲ್ಲಿ ನಿಯಮಗಳನ್ನೂ ಸಡಿಲಿಸಿದರು. ಚಿಕಿತ್ಸಕರ ನಡುವಣ ವಿನಿಮಯ ಸುಲಭವಾಯಿತು. ಆದರೆ ರೋಗಿಯ ಒಪ್ಪಿಗೆಯಾಗಲಿ ನ್ಯಾಯಾಲಯದ ವಿಶೇಷ ಆಜ್ಞೆಯಾಗಲಿ ಇಲ್ಲದೆ ಆ ದಾಖಲೆಯನ್ನು ಅವನ ವಿರುದ್ಧದ ಮೊಕದ್ದಮೆಯಲ್ಲಿ ಬಳಸಕೂಡದೆಂಬ ನಿರ್ಬಂಧವನ್ನು ಮಾತ್ರ ಉಳಿಸಿಕೊಂಡರು. ಅರ್ಧ ಶತಮಾನದ ಅನುಭವದಿಂದ ಅವರು ಬಿಟ್ಟದ್ದೇನು, ಬಿಡದೆ ಹಿಡಿದದ್ದೇನು ಎಂಬುದರಲ್ಲಿ ನಮಗೊಂದು ಪಾಠವಿದೆ. ನಮ್ಮ 1985ರ ಮಾದಕ ದ್ರವ್ಯಗಳ ಕಾಯ್ದೆಯೂ, ಅಲ್ಪ ಪ್ರಮಾಣದ ಆಪಾದನೆಗೊಳಗಾದ ವ್ಯಸನಿಯು ತಾನಾಗಿ ಚಿಕಿತ್ಸೆಯನ್ನು ಬಯಸಿ ಬಂದರೆ ಅವನನ್ನು ಮೊಕದ್ದಮೆಯಿಂದ ರಕ್ಷಿಸುವ ಅವಕಾಶವನ್ನು ತನ್ನಲ್ಲಿ ಇರಿಸಿಕೊಂಡಿದೆ.

ನಮ್ಮ ನೆಲದಲ್ಲಿಯೂ ಈ ಧರ್ಮ ಅಪರಿಚಿತವಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಗುರುವು ವೈದ್ಯವಿದ್ಯಾರ್ಥಿಗೆ ನೀಡುವ ಉಪದೇಶಗಳ ನಡುವೆ, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಕೂಡದೆಂಬ ಕಟ್ಟಳೆಯೂ ಇದೆ. ರೋಗಿಯ ಮನೆಯೊಳಗೆ ಹೋಗುವ ಹಕ್ಕು ವೈದ್ಯನಿಗೆ ದೊರೆಯುವುದೇ ಅಲ್ಲಿ ಕಂಡದ್ದನ್ನು ಹೊರಗೆ ಒಯ್ಯುವುದಿಲ್ಲವೆಂಬ ಭರವಸೆಯ ಮೇಲೆ.

ಇಷ್ಟನ್ನು ಪರಿಶೀಲಿಸಿದ ಮೇಲೆ ನನಗೆ ಸರಿಯೆಂದು ತೋರುವ ಮಾರ್ಗವನ್ನು ವಾಚಕರ ಮುಂದಿಡುತ್ತೇನೆ. ಮೊದಲನೆಯದಾಗಿ, ಮಾಹಿತಿಯನ್ನು ಹಂಚಿಕೊಳ್ಳಲೇಬೇಕು. ಗೌಪ್ಯದ ಹೆಸರಿನಲ್ಲಿ ಮಗುವಿನ ಪ್ರಾಣವನ್ನು ಅಪಾಯಕ್ಕೆ ಒಡ್ಡಲಾಗದು. ಆದರೆ ಹಂಚಬೇಕಾದದ್ದು ಕಡತವನ್ನಲ್ಲ, ಅದರಲ್ಲಿ ಚಿಕಿತ್ಸೆಗೆ ಬೇಕಾದ ಸಾರವನ್ನು. ಯಾವ ವಸ್ತುವಿನ ಚಟ, ಎಷ್ಟು ಕಾಲದಿಂದ, ಕಡೆಯ ಸಲ ಎಂದು ಸೇವಿಸಿದ್ದು, ಹಿಂದಿನ ಕಾಯಿಲೆ ಮತ್ತು ಔಷಧ, ಆತ್ಮಹಾನಿಯ ಯತ್ನ, ಅನುಭವಿಸಿದ ಹಿಂಸೆ, ಆಸರೆಯಾಗಬಲ್ಲ ಬಂಧುಗಳು: ಇವಿಷ್ಟು ಒಂದು ಹಾಳೆಯಲ್ಲಿ ಅಡಕವಾಗುತ್ತವೆ. ಯಾವ ಕಲಮಿನ ಅಪರಾಧ ಎಂಬುದು ಆ ಹಾಳೆಯಲ್ಲಿ ಸಾಮಾನ್ಯವಾಗಿ ಇರಬೇಕಾಗಿಲ್ಲ. ಬೆಂಕಿ ಹಚ್ಚುವ ಪ್ರವೃತ್ತಿಯೋ ಇತರ ಮಕ್ಕಳ ಮೇಲೆ ದೌರ್ಜನ್ಯದ ಪ್ರವೃತ್ತಿಯೋ ಇದ್ದು, ಅದು ಚಿಕಿತ್ಸೆಗೂ ವಾರ್ಡಿನ ಸುರಕ್ಷಿತತೆಗೂ ಸಂಬಂಧಪಟ್ಟಿದ್ದರೆ ಅಷ್ಟನ್ನು ಮಾತ್ರ ತಿಳಿಸಬೇಕು.

ಎರಡನೆಯದಾಗಿ, ಆ ಹಾಳೆಯನ್ನು ಮಂಡಳಿಯ ಲಿಖಿತ ಅನುಮತಿಯಿಂದ ಪರಿವೀಕ್ಷಣಾಧಿಕಾರಿಯು ಸಿದ್ಧಪಡಿಸಿ, ಮುಚ್ಚಿದ ಲಕೋಟೆಯಲ್ಲಿ, ಚಿಕಿತ್ಸೆ ನೀಡುವ ವೈದ್ಯರ ಹೆಸರಿಗೇ ಕಳುಹಿಸಬೇಕು. ಕಳುಹಿಸುವ ಮೊದಲು ಮಗುವಿಗೆ ಅದನ್ನು ಅದರ ಭಾಷೆಯಲ್ಲಿ ಓದಿ ಹೇಳಬೇಕು. ಅದರ ಮತ್ತು ಪಾಲಕರ ಒಪ್ಪಿಗೆಯನ್ನು ಕೇಳಬೇಕು. ಒಪ್ಪದಿದ್ದರೆ ಪ್ರಾಣಾಪಾಯಕ್ಕೆ ಸಂಬಂಧಿಸಿದ ಸಂಗತಿಗಳನ್ನಷ್ಟೇ ಕಳುಹಿಸಿ, ಉಳಿದದ್ದನ್ನು ಮಗುವೇ ವೈದ್ಯರಿಗೆ ಹೇಳುವವರೆಗೆ ಕಾಯುವುದು ಲೇಸು. ತನ್ನ ಬಗ್ಗೆ ಏನು ಬರೆದಿದೆಯೆಂದು ತಿಳಿದ ಮಗು ತಪ್ಪಿದ್ದರೆ ತಿದ್ದುತ್ತದೆ. ತಿಳಿಯದ ಮಗು ಎಲ್ಲರನ್ನೂ ಶಂಕಿಸುತ್ತದೆ.

ಮೂರನೆಯದಾಗಿ, ಈ ದಾರಿ ಒಮ್ಮುಖವಾಗಿರಬೇಕು. ಆಸ್ಪತ್ರೆಯಿಂದ ಮಂಡಳಿಗೆ ಬರಬೇಕಾದದ್ದು ಮೂರೇ ಸಂಗತಿಗಳು: ಮಗು ಚಿಕಿತ್ಸೆಗೆ ಬರುತ್ತಿದೆಯೇ, ಚಿಕಿತ್ಸೆ ಇನ್ನೆಷ್ಟು ಕಾಲ ಬೇಕು, ಬಿಡುಗಡೆಯ ನಂತರ ಏನು ಮಾಡಬೇಕು. ಚಿಕಿತ್ಸೆಯ ವೇಳೆ ಮಗು ಆಡಿದ ಮಾತುಗಳು ವಿಚಾರಣೆಯಲ್ಲಾಗಲಿ ಪ್ರಾಥಮಿಕ ನಿರ್ಧಾರಣೆಯಲ್ಲಾಗಲಿ ಸಾಕ್ಷ್ಯವಾಗಕೂಡದು. ನಿರ್ಧಾರಣೆ ಮಾಡುವವರು ಬೇರೆ, ಚಿಕಿತ್ಸೆ ಮಾಡುವವರು ಬೇರೆ ಇರಬೇಕು. ಯಾರದಾದರೂ ಪ್ರಾಣಕ್ಕೆ ಸನ್ನಿಹಿತ ಅಪಾಯವಿದ್ದಲ್ಲಿ ಮತ್ತು 2012ರ ಪೋಕ್ಸೋ ಕಾಯ್ದೆಯಂತೆ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ವರದಿ ಮಾಡಲೇಬೇಕಾದಲ್ಲಿ ಮಾತ್ರ ಮೌನ ಮುರಿಯುವುದು ಅನಿವಾರ್ಯ. ಈ ಮಿತಿಯನ್ನೂ ಮೊದಲ ದಿನವೇ ಮಗುವಿಗೆ ತಿಳಿಸಿರಬೇಕು. ನಾಲ್ಕನೆಯದಾಗಿ, ಮಂಡಳಿ ಕಳುಹಿಸಿದ ಹಾಳೆಯನ್ನು ಆಸ್ಪತ್ರೆಯ ಸಾಮಾನ್ಯ ಕಡತದಿಂದ ಬೇರೆಯಾಗಿಟ್ಟು, ಚಿಕಿತ್ಸೆ ಮುಗಿದ ಮೇಲೆ ಹಿಂದಿರುಗಿಸಬೇಕು. ಗಣಕಯಂತ್ರದ ದಾಖಲೆಗೆ ಅದು ಏರಕೂಡದು.

ಇದಕ್ಕೆ ಆಕ್ಷೇಪಗಳು ಬರಬಹುದು. ಸಮಾಜದ ರಕ್ಷಣೆಗೆ ಮಗುವಿನ ಸರ್ವ ವೃತ್ತಾಂತವೂ ಎಲ್ಲ ಸಂಬಂಧಪಟ್ಟವರಿಗೆ ತಿಳಿದಿರಬೇಡವೆ, ಅನ್ಯಾಯಕ್ಕೊಳಗಾದವರ ಗತಿಯೇನು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾಗದು. ಬಾಧಿತರಿಗೆ ಪ್ರಕರಣದ ಕಾಗದಗಳನ್ನು ನೋಡುವ ಹಕ್ಕನ್ನು ಕಾನೂನು ಈಗಾಗಲೇ ಕೊಟ್ಟಿದೆ; ಅದಕ್ಕೆ ಇಲ್ಲಿ ಚ್ಯುತಿಯಿಲ್ಲ. ಸಮಾಜದ ರಕ್ಷಣೆಯ ಮಾತು ಬಂದಾಗ, ಚಟದಿಂದ ಬಿಡುಗಡೆ ಹೊಂದಿದ ಹುಡುಗನಿಗಿಂತ ಚಿಕಿತ್ಸೆಗೆ ಹೆದರಿ ಓಡಿಹೋದ ಹುಡುಗನೇ ಸಮಾಜಕ್ಕೆ ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯಬಾರದು. ಇನ್ನು ಕೆಲವರು, ಇರುವ ಅಧಿಕಾರಿಗಳೇ ಸಾಲದಿರುವಾಗ ಹಾಳೆ, ಲಕೋಟೆ, ಒಪ್ಪಿಗೆ ಎಂಬ ಹೊಸ ಹೊರೆ ಏಕೆ ಎಂದಾರು. ಒಂದು ಹಾಳೆಯ ಶ್ರಮ ಕಡತವನ್ನೆಲ್ಲ ಹುಡುಕುವ ಶ್ರಮಕ್ಕಿಂತ ಕಡಿಮೆ. ಮೇಲಾಗಿ ಈ ಕಾರ್ಯಕ್ಕೆ ಬೇಕಾದ ಅನುಭವ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸಂಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೈಕೆಗಾಗಿ 2020ರಲ್ಲಿ ಅದೇ ಸಂಸ್ಥೆಯಲ್ಲಿ ಕೇಂದ್ರ ಸರಕಾರದ ನೆರವಿನಿಂದ "ಸಂವಾದ್" ಎಂಬ ವಿಭಾಗ ಆರಂಭವಾಯಿತು. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದ ಜನರಿಗೆ ಹತ್ತಿರದಲ್ಲಿದೆ. ಮಂಡಳಿಗಳೂ ಇಂತಹ ಸಂಸ್ಥೆಗಳೂ ಕೂಡಿ ಕುಳಿತು ಆ ಒಂದು ಹಾಳೆಯ ನಮೂನೆಯನ್ನು ನಿಗದಿಪಡಿಸುವುದು ಅಸಾಧ್ಯದ ಕೆಲಸವಲ್ಲ. 99ನೆಯ ಕಲಮಿನ ಪಟ್ಟಿಗೆ "ಚಿಕಿತ್ಸೆ ನೀಡುವ ವೈದ್ಯರು" ಎಂಬ ಮಾತನ್ನು ಮೇಲಿನ ಮಿತಿಗಳೊಡನೆ ಸೇರಿಸುವುದು ಸಂಸತ್ತಿಗೂ ಕಷ್ಟವಲ್ಲ.

ಕಡೆಯದಾಗಿ ಶಾಲೆಯ ಕರ್ತವ್ಯ. ಪರಿವೀಕ್ಷಣಾಧಿಕಾರಿಯು ಬಂದು ಕೇಳಿದಾಗ ಮುಖ್ಯೋಪಾಧ್ಯಾಯರು ಮಗುವಿನ ಹಾಜರಿಯನ್ನೂ ಅದರ ಒಳ್ಳೆಯ ಗುಣಗಳನ್ನೂ ಕಂಡ ಕಷ್ಟಗಳನ್ನೂ ಹೇಳಬೇಕು, ಊರಿನ ಗಾಳಿಮಾತುಗಳನ್ನಲ್ಲ. ವರ್ಗಾವಣೆ ಪತ್ರದಲ್ಲಾಗಲಿ ನಡತೆಯ ಪತ್ರದಲ್ಲಾಗಲಿ ಮಂಡಳಿಯ ಸುಳಿವನ್ನು ಕೊಡುವ ಒಂದು ಅಕ್ಷರವೂ ಇರಕೂಡದು. ಚಿಕಿತ್ಸೆ ಮುಗಿಸಿ ಬಂದ ಹುಡುಗನಿಗೆ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾಗಿದ್ದರೆ, ಕಾರಣವನ್ನು ತರಗತಿಯ ಮುಂದೆ ಕೇಳದೆ ರಜೆ ಕೊಡುವ ಒಬ್ಬ ಅಧ್ಯಾಪಕ ಸಾಕು. ವಿದ್ಯಾರ್ಥಿ ನಿಲಯದ ಪಾಲಕರಿಗೆ ಅವನು ಯಾವ ಹೊತ್ತಿಗೆ ಯಾವ ಮಾತ್ರೆ ತೆಗೆದುಕೊಳ್ಳಬೇಕೆಂಬುದು ತಿಳಿದಿರಲಿ. ಏಕೆ ಬಂದನೆಂಬುದು ತಿಳಿದಿರಬೇಕಾಗಿಲ್ಲ. ಅಂತಹ ಮಗುವೊಂದು ಕಷ್ಟದಲ್ಲಿದೆಯೆಂದು ಕಂಡರೆ 1098 ಎಂಬ ಮಕ್ಕಳ ಸಹಾಯವಾಣಿ ಇದೆಯೆಂಬುದನ್ನು ಪ್ರತಿ ಶಾಲೆಯೂ ತಿಳಿದಿರಲಿ.

ವೈದ್ಯರಿಗೆ ತಿಳಿಯಬೇಕಾದದ್ದು ತಿಳಿಯಲಿ, ಅದು ವೈದ್ಯರಲ್ಲಿಯೇ ಉಳಿಯಲಿ. ಕಾಲ ಬಂದಾಗ ಅಳಿಯಬೇಕಾದದ್ದು ಅಳಿಯಲಿ. ಇಷ್ಟನ್ನು ವ್ಯವಸ್ಥೆಗೊಳಿಸಿದರೆ, ಎಷ್ಟೋ ಮಕ್ಕಳು ತಮ್ಮ ಹದಿನಾರನೆಯ ವಯಸ್ಸನ್ನು ಬೆನ್ನ ಮೇಲೆ ಹೊರದೆ ಮುವತ್ತನೆಯ ವಯಸ್ಸನ್ನು ತಲುಪುವರು. ಬಾಲನ್ಯಾಯವೆಂಬ ಮಾತಿಗೆ ಇದಕ್ಕಿಂತ ಬೇರೆ ಅರ್ಥವನ್ನು ನಾನು ಕಾಣೆ.